ದೊಡ್ಡವರಿಗೆ ಪಾಠ ಹೇಳುವುದು: ಕೌಶಲ ತರಬೇತಿಯ ಗೊಂದಲ, ಕೊಡಗಿನಿಂದ ನೋಡಿದಾಗ

2025ರಲ್ಲಿ ಕೌಶಲ ತರಬೇತಿಯ ಬಗ್ಗೆ ಒಂದಕ್ಕೊಂದು ತಾಳೆಯಾಗದ ಎರಡು ಸುದ್ದಿ ಬಂದವು. ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಸ್ಕಿಲ್ ಇಂಡಿಯಾ ಕಾರ್ಯಕ್ರಮವನ್ನು 2026ರವರೆಗೆ ಮುಂದುವರಿಸಲು 8,800 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂತು. ಅದೇ ಕಾರ್ಯಕ್ರಮದ ದೊಡ್ಡ ಭಾಗವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಹಳೆಯ ವರ್ಷಗಳ ಕಡತವನ್ನು ಅದು ಬಿಚ್ಚಿ ನೋಡಿತ್ತು. ಅಲ್ಪಾವಧಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರಲ್ಲಿ ಕೆಲಸ ಸಿಕ್ಕಿದ್ದು ನೂರಕ್ಕೆ ಸುಮಾರು 41 ಮಂದಿಗೆ ಎಂದಿತು. ಒಂದು ಕಡೆ ಹಣ ಹರಿಯುತ್ತಿದೆ, ಇನ್ನೊಂದು ಕಡೆ ಫಲ ಕಾಣುತ್ತಿಲ್ಲ.

ಕೊಡಗಿನಲ್ಲಿ ಕೂತು ಓದಿದರೆ ಈ ಗೊಂದಲ ಇನ್ನೂ ಜಾಸ್ತಿ. ಇಲ್ಲಿನ ದೊಡ್ಡ ದೂರು ಕೆಲಸ ಇಲ್ಲ ಅನ್ನುವುದಲ್ಲ, ಜನ ಇಲ್ಲ ಅನ್ನುವುದು. ಕಾಫಿ ಕುಯ್ಲಿಗೆ ಅಸ್ಸಾಂನಿಂದ ಜನ ಬರುತ್ತಾರೆ. ರೆಸಾರ್ಟ್‌ನವರು, ಹೋಂಸ್ಟೇಯವರು ಕೆಲಸ ಗೊತ್ತಿರುವವರು ಸಿಗುವುದಿಲ್ಲ ಅನ್ನುತ್ತಾರೆ. ಅದೇ ಊರಿನಲ್ಲಿ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಇಟ್ಟುಕೊಂಡು ಮನೆಯಲ್ಲಿ ಕೂತವರೂ ಇದ್ದಾರೆ. ಕೆಲಸವೂ ಇದೆ, ತರಬೇತಿಯೂ ಇದೆ. ಹಾಗಾದರೆ ಕೊಂಡಿ ತಪ್ಪಿದ್ದು ಎಲ್ಲಿ?

ಚರ್ಚೆಯೆಲ್ಲ ಎಷ್ಟು ಜನ ಸೇರಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಎರಡು ಅಂಕಿಗಳ ಸುತ್ತ ನಡೆಯುತ್ತಿದೆ. ಈ ಎರಡರ ನಡುವೆ ಒಂದು ಕೋಣೆ ಇದೆ. ಆ ಕೋಣೆಯಲ್ಲಿ ಏನಾಯಿತು ಎಂದು ಯಾರೂ ಕೇಳುತ್ತಿಲ್ಲ.

ಲೆಕ್ಕ ಎಲ್ಲಿ ನಿಲ್ಲುತ್ತದೆ

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಗಿದ್ದು 2015ರ ಜುಲೈ 15ರಂದು. ಸಿಎಜಿ ನೋಡಿದ್ದು 2015ರಿಂದ 2022ರವರೆಗಿನ ಮೂರು ಹಂತಗಳನ್ನು. ಬಹುತೇಕ ಫಲಾನುಭವಿಗಳ ಬ್ಯಾಂಕ್ ಖಾತೆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಇತ್ತು, ಇಲ್ಲವೇ ಖಾಲಿ ಇತ್ತು. ಬೇರೆ ಬೇರೆ ಹೆಸರಿನ ಮುಂದೆ ಒಂದೇ ಫೋಟೊ ಇದ್ದದ್ದೂ ಸಿಕ್ಕಿತು. ಇದು ಆರಂಭದ ಹಂತಗಳ ಕೊರತೆ, ಈಗ ಮುಖ ಗುರುತಿಸುವ ಹಾಜರಿ, ಆಧಾರ್ ಜೋಡಣೆ ಎಲ್ಲ ಬಂದಿದೆ ಎಂಬುದು ಸಚಿವಾಲಯದ ಕಡೆಯ ಮಾತು. ಮೊದಲ ಮೂರು ಹಂತಗಳಲ್ಲಿ ಕೆಲಸ ಸಿಕ್ಕಿತೇ ಎಂದು ಲೆಕ್ಕ ಇಡುತ್ತಿದ್ದರು. ನಾಲ್ಕನೇ ಹಂತದಲ್ಲಿ ಅದನ್ನು ತರಬೇತಿಯಿಂದ ಬಿಡಿಸಿದರು. ಕಲಿತವರು ತಮಗೆ ಬೇಕಾದ ದಾರಿ ಹಿಡಿಯಲಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ಒಬ್ಬರು ಇದನ್ನು ಹಣದ ಸೋರಿಕೆ ಎಂದು ಓದುತ್ತಾರೆ. ಇನ್ನೊಬ್ಬರು ಆರ್ಥಿಕತೆಯಲ್ಲಿ ಕೆಲಸವೇ ಕಡಿಮೆ, ತರಬೇತಿಯನ್ನು ದೂರಿ ಏನು ಪ್ರಯೋಜನ ಎನ್ನುತ್ತಾರೆ. ಎರಡರಲ್ಲೂ ಸತ್ಯ ಇದೆ. ಆದರೆ ಎರಡೂ ವಾದಗಳು ತರಗತಿಯ ಹೊಸ್ತಿಲು ದಾಟುವುದಿಲ್ಲ.

ಹೊಸ್ತಿಲು ದಾಟಿದರೆ ಮೊದಲು ಕಾಣುವುದು ಹಣ ಬರುವ ರೀತಿ. ತರಬೇತಿ ಕೇಂದ್ರಕ್ಕೆ ಹಣ ಸಿಗುವುದು ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ, ಕಂತು ಕಂತಾಗಿ. ಬ್ಯಾಚ್ ಶುರುವಾದಾಗ ಒಂದಿಷ್ಟು, ಅಭ್ಯರ್ಥಿ ಪಾಸಾದಾಗ ಒಂದಿಷ್ಟು. ಹೀಗಿದ್ದಾಗ ಕೇಂದ್ರ ನಡೆಸುವವರ ತಲೆಯಲ್ಲಿ ಏನು ಓಡುತ್ತದೆ? ಬ್ಯಾಚ್ ತುಂಬಬೇಕು, ಗಂಟೆ ತುಂಬಬೇಕು, ಪಾಸಾಗಬೇಕು. ನಿಧಾನವಾಗಿ ಕಲಿಯುವ ಒಬ್ಬ ಹೆಂಗಸಿಗಾಗಿ ಟ್ರೈನರ್ ಎರಡು ದಿನ ಹಿಂದೆ ಹೋಗಿ ಮತ್ತೆ ಹೇಳಿಕೊಟ್ಟರೆ ಅದಕ್ಕೆ ಕಾಸಿಲ್ಲ. ಯಾರೂ ಕೆಟ್ಟವರಾಗಬೇಕಿಲ್ಲ, ಹಣದ ದಾರಿಯೇ ಪಾಠವನ್ನು ಅವಸರಕ್ಕೆ ತಳ್ಳುತ್ತದೆ.

ಬೆಂಚಿನ ಮೇಲೆ ಕೂತವರು ಯಾರು

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಸಾಕ್ಷರತೆ ನೂರಕ್ಕೆ 82.61. ಕೇಳಲು ಒಳ್ಳೆಯ ಅಂಕಿ. ಆದರೆ ಒಂದು ತರಬೇತಿ ಬ್ಯಾಚಿನ ಹಾಜರಿ ಪುಸ್ತಕ ಬಿಡಿಸಿದರೆ ಆ 82 ಒಡೆದು ಚೂರಾಗುತ್ತದೆ. ಡಿಗ್ರಿ ಮುಗಿಸಿ ಪರೀಕ್ಷೆಗಳನ್ನು ಬರೆಯುತ್ತಿರುವ 23ರ ಹುಡುಗ ಇರುತ್ತಾನೆ. ಏಳನೇ ತರಗತಿಗೆ ಶಾಲೆ ಬಿಟ್ಟ 38ರ ಹೆಂಗಸು ಲೈನ್‌ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ ಬಂದಿರುತ್ತಾರೆ. ಮಳೆಗಾಲದಲ್ಲಿ ಬಾಡಿಗೆ ಇಲ್ಲದ ಜೀಪ್ ಡ್ರೈವರ್ ಇರುತ್ತಾನೆ. ಮೂರು ಎಕರೆ ತೋಟದ 50ರ ರೈತರೂ ಇರಬಹುದು.

ಭಾಷೆಯೂ ಹಾಗೇ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವರ ಮಾತು, ಕುರುಬರ ಮಾತು. ಇವರಲ್ಲಿ ಅನೇಕರಿಗೆ ಕನ್ನಡ ಶಾಲೆಯ ಭಾಷೆ, ಸಂತೆಯ ಭಾಷೆ. ಅಂಥವರ ಮುಂದೆ ಇಂಗ್ಲಿಷ್ ಸ್ಲೈಡ್ ಹಾಕಿ, ಕನ್ನಡದಲ್ಲಿ ವಿವರಿಸಿದರೆ, ಕೇಳುವವರು ಮನಸ್ಸಿನಲ್ಲೇ ಮೂರನೇ ಭಾಷೆಗೆ ತಿರುಗಿಸಿಕೊಳ್ಳಬೇಕು. ಅಷ್ಟರಲ್ಲಿ ಸ್ಲೈಡ್ ಬದಲಾಗಿರುತ್ತದೆ. ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. ಪ್ರತಿ ಹತ್ತು ನಿಮಿಷಕ್ಕೆ ಪಾಠ ನಿಲ್ಲಿಸಿ, ಒಂದೇ ಮಾತಿನವರು ಇಬ್ಬಿಬ್ಬರಾಗಿ ತಮ್ಮ ಭಾಷೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಎಂದು ಬಿಟ್ಟರೆ ಸಾಕು. ತರಗತಿಯಲ್ಲಿ ಗಲಾಟೆ ಆಗುತ್ತದೆ. ತಪಾಸಣೆಗೆ ಬಂದವರಿಗೆ ಅದು ಶಿಸ್ತಿಲ್ಲದ ಕ್ಲಾಸ್ ಅನ್ನಿಸಬಹುದು, ಅನ್ನಿಸಲಿ ಬಿಡಿ.

ಇನ್ನೊಂದು ಸಣ್ಣ ವಿಷಯ, ಸಣ್ಣದಲ್ಲ ನಿಜವಾಗಿ. ಟ್ರೈನರ್‌ಗೆ 24 ವರ್ಷ. ಮುಂದಿರುವ ಹೆಂಗಸಿಗೆ 45. "ಏನಮ್ಮಾ, ಇಷ್ಟೂ ಗೊತ್ತಾಗಲ್ವಾ?" ಎಂದು ಒಮ್ಮೆ ಕೇಳಿದರೆ ಮುಗಿಯಿತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದು ಅವರಿಗೆ ಇನ್ನೂ ನೆನಪಿರುತ್ತದೆ. ಮರುದಿನ ಬರುವುದಿಲ್ಲ. ಕಾರಣ ಕೇಳಿದರೆ ಮನೆಯಲ್ಲಿ ಕೆಲಸ ಇತ್ತು ಅನ್ನುತ್ತಾರೆ. "ಅಕ್ಕ, ಇದನ್ನ ನಿಮ್ಮ ತೋಟದಲ್ಲಿ ಹೇಗೆ ಮಾಡ್ತೀರಾ?" ಎಂದು ಶುರು ಮಾಡಿದರೆ ಕಥೆಯೇ ಬೇರೆ.

ಬರುವುದಕ್ಕೂ ಖರ್ಚಿದೆ. ದಿನಗೂಲಿಯವರು ಒಂದು ದಿನ ಕ್ಲಾಸಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಈ ಸತ್ಯವನ್ನು ಒಪ್ಪಿಕೊಂಡಿದೆ. ದರ್ಜಿ, ಬಡಗಿ, ಗಾರೆ ಕೆಲಸದವರು ಸೇರಿ 18 ಕಸುಬಿನವರಿಗೆ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ನೆರವು. ಜನ ದುಡ್ಡಿಗಾಗಿ ಬರುತ್ತಾರೆ ಎಂದು ಆಡಿಕೊಳ್ಳುವವರಿದ್ದಾರೆ. ಕೂಲಿ ಬಿಟ್ಟು ಸುಮ್ನೆ ಬರಲು ಇವರೇನು ಸಂಬಳ ಸಹಿತ ರಜೆ ಇರುವವರಾ?

ಮುಷ್ಟಿಯ ಸದ್ದು, ಮೀಟರಿನ ಅಂಕಿ

ದೊಡ್ಡವರ ಕಲಿಕೆ ಮಕ್ಕಳ ಕಲಿಕೆಯ ಹಾಗಲ್ಲ ಎಂಬ ಮಾತಿಗೆ ಒಂದು ಹೆಸರಿದೆ, ಆಂಡ್ರಗಾಗಿ. 1833ರಲ್ಲಿ ಅಲೆಕ್ಸಾಂಡರ್ ಕಾಪ್ ಎಂಬ ಜರ್ಮನ್ ಶಿಕ್ಷಕ ಬಳಸಿದ ಪದ ಇದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಾಲ್ಕಮ್ ನೋಲ್ಸ್ ಇದನ್ನು ಎಲ್ಲರ ಬಾಯಿಗೆ ತಂದರು. ಅವರು ಹೇಳಿದ್ದರ ತಿರುಳು ಇಷ್ಟು. ಇದನ್ನು ಯಾಕೆ ಕಲಿಯಬೇಕು ಎಂದು ದೊಡ್ಡವರಿಗೆ ಮೊದಲೇ ಗೊತ್ತಾಗಬೇಕು. ತಮ್ಮ ಬದುಕು ತಾವೇ ನಡೆಸುವವರು ಅವರು, ಕ್ಲಾಸಿನಲ್ಲೂ ಹಾಗೇ ಇರಬಯಸುತ್ತಾರೆ. ಅನುಭವವನ್ನು ಹೊತ್ತು ತಂದಿರುತ್ತಾರೆ. ವಿಷಯಕ್ಕಿಂತ ಸಮಸ್ಯೆಯಿಂದ ಶುರುವಾದರೆ ಚುರುಕಾಗುತ್ತಾರೆ.

ಇದನ್ನು ಕಾಫಿ ಕಣದಲ್ಲಿ ಇಟ್ಟು ನೋಡೋಣ. ಪಾಠ: ಕಾಫಿಯ ತೇವಾಂಶ ಅಳೆಯುವುದು. ರೊಬಸ್ಟಾ ತಳಿಯ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ನೂರಕ್ಕೆ 11ರ ಆಸುಪಾಸಿನ ತೇವಾಂಶಕ್ಕೆ ಒಣಗಬೇಕು. ಜಾಸ್ತಿ ತೇವ ಇದ್ದರೆ ಮೂಟೆಯಲ್ಲೇ ಬೂಷ್ಟು. ಜಾಸ್ತಿ ಒಣಗಿದರೆ ತೂಕ ನಷ್ಟ. ಒಂದು ರೀತಿಯ ಕ್ಲಾಸ್ ಹೀಗಿರುತ್ತದೆ: ತೇವಾಂಶದ ವ್ಯಾಖ್ಯಾನ, ಮೀಟರಿನ ಚಿತ್ರ, ಬಟನ್‌ಗಳ ಹೆಸರು, ಕೊನೆಗೆ ಪ್ರಶ್ನೆ ಇದೆಯಾ ಎಂದು ಕೇಳುವುದು. ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ರೀತಿ ಇದೆ. ಮೂರು ದಿನ, ಎಂಟು ದಿನ, ಹದಿನೈದು ದಿನ ಒಣಗಿದ ಮೂರು ಗುಡ್ಡೆ ಚೆರಿಯನ್ನು ನೆಲದ ಮೇಲೆ ಇಡುವುದು. ಯಾವುದು ಎಷ್ಟು ಒಣಗಿದೆ ಎಂದು ಹೇಳಬಾರದು. ಮೀಟರ್ ಪೆಟ್ಟಿಗೆಯಿಂದ ತೆಗೆಯಬಾರದು. ಕಣದಲ್ಲಿ ಕೆಲಸ ಮಾಡಿದವರು ಏನು ಮಾಡುತ್ತಾರೆ? ಒಂದು ಮುಷ್ಟಿ ಎತ್ತಿ ಅಲ್ಲಾಡಿಸುತ್ತಾರೆ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಸಿಪ್ಪೆಗೆ ಬಡಿದು ಗಲಗಲ ಎನ್ನುತ್ತದೆ. ಒಣಗದಿದ್ದರೆ ಮೊದ್ದು ಸದ್ದು. ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಲಿ. ಬರೆಯಲು ಬಾರದವರು ಗೆರೆ ಎಳೆಯಲಿ. ಆಮೇಲೆ ಮೀಟರ್ ಹೊರಗೆ ಬರಲಿ.

ಎರಡು ಗುಡ್ಡೆಯಲ್ಲಿ ಕಿವಿಯೂ ಮೀಟರೂ ಒಂದೇ ಹೇಳುತ್ತವೆ ಎನ್ನಿ. ಮೂರನೆಯದರಲ್ಲಿ ಜಗಳ. ಕಿವಿ ಒಣಗಿದೆ ಅನ್ನುತ್ತದೆ, ಮೀಟರ್ 14 ತೋರಿಸುತ್ತದೆ. ಪಾಠ ಶುರುವಾಗುವುದೇ ಇಲ್ಲಿಂದ. ಹೊರಗಿನ ಸಿಪ್ಪೆ ಒಣಗಿ ಒಳಗೆ ಹಸಿ ಉಳಿದಿದೆಯಾ? ದಪ್ಪವಾಗಿ ಹರಡಿದ್ದರಾ? ಸರಿಯಾಗಿ ಕೈಯಾಡಿಸಲಿಲ್ಲವಾ? ರಾತ್ರಿ ಇಬ್ಬನಿಗೆ ಮುಚ್ಚದೆ ಬಿಟ್ಟರಾ? ಪ್ರತಿ ಪ್ರಶ್ನೆಗೂ ಕೋಣೆಯಲ್ಲಿ ಯಾರದೋ ಒಬ್ಬರ ಹತ್ತಿರ ಉತ್ತರ ಇರುತ್ತದೆ. ಟ್ರೈನರ್ ಕೆಲಸ ಆ ಉತ್ತರಗಳನ್ನು ಹೊರಗೆ ತೆಗೆಸಿ, ಮೀಟರಿನ ಅಂಕಿಗೆ ಕಟ್ಟುವುದು. ಹೀಗೆ ಕಲಿತವರಿಗೆ 11 ಎಂಬುದು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಅದಕ್ಕೊಂದು ಸದ್ದಿದೆ.

ಅನುಭವಕ್ಕೆ ಇನ್ನೊಂದು ಮುಖವೂ ಇದೆ. ನಮ್ಮಪ್ಪನ ಕಾಲದಿಂದ ಹೀಗೇ ಮಾಡೋದು ಎಂಬ ಮಾತು ಹೊಸದನ್ನು ಬಾಗಿಲಲ್ಲೇ ತಡೆಯುತ್ತದೆ. ಅದು ತಪ್ಪು ಎಂದು ನೇರ ಹೇಳಿದರೆ ಟ್ರೈನರ್ ಸೋಲುತ್ತಾನೆ. ಮೇಲಿನ ವಿಧಾನದಲ್ಲಿ ತಪ್ಪು ಎಂದು ಹೇಳಿದ್ದು ಮೀಟರ್, ಮನುಷ್ಯನಲ್ಲ. ಯಾರ ಮುಖವೂ ಸಣ್ಣದಾಗಲಿಲ್ಲ.

ಎಲ್ಲದಕ್ಕೂ ಅನುಭವ ಸಾಲದು

ಇಲ್ಲೊಂದು ಹಳ್ಳ ಇದೆ, ಬಹಳ ಟ್ರೈನರ್‌ಗಳು ಅದರಲ್ಲಿ ಬೀಳುತ್ತಾರೆ. ದೊಡ್ಡವರು ತಾವೇ ಕಂಡುಕೊಂಡು ಕಲಿಯುತ್ತಾರೆ ಎಂಬ ಮಾತು ಕೇಳಿ ಎಲ್ಲ ವಿಷಯವನ್ನೂ ಚರ್ಚೆಗೆ ಬಿಟ್ಟುಬಿಡುವುದು. ನೋಲ್ಸ್ ಕೂಡ ಮೊದಲು ಮಕ್ಕಳು, ದೊಡ್ಡವರು ಎಂದು ಎರಡು ತುದಿ ಮಾಡಿದವರು, 1980ರ ಹೊತ್ತಿಗೆ ಅದನ್ನು ಸಡಿಲ ಮಾಡಿದರು.

ಕಾಫಿಯಲ್ಲಿ ಪಳಗಿದ 55ರ ಬೆಳೆಗಾರ ಮೊಬೈಲ್ ಆ್ಯಪ್ ಮುಂದೆ ಹೊಸಬ. ಇದು ಕೊಡಗಿಗೆ ಈಗ ಬರೀ ಉದಾಹರಣೆಯಲ್ಲ. ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಯುರೋಪ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗವಲ್ಲ ಎಂದು ತೋರಿಸಲು ತೋಟ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. 4 ಹೆಕ್ಟೇರಿಗಿಂತ, ಅಂದರೆ ಸುಮಾರು 10 ಎಕರೆಗಿಂತ ದೊಡ್ಡ ಜಾಗಕ್ಕೆ ಸುತ್ತ ಗಡಿ ಗೆರೆ ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಕಾಫಿ ಮಂಡಳಿ ಇದಕ್ಕಾಗಿ ತನ್ನ ಆ್ಯಪ್‌ನಲ್ಲಿ ನೋಂದಣಿ ಮಾಡಿಸುತ್ತಿದೆ. ಭಾರತದ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲಿ ಯುರೋಪಿನ ಪಾಲು ದೊಡ್ಡದು. ಹಾಗಾಗಿ ಬೇಡ ಅನ್ನುವ ಹಾಗಿಲ್ಲ.

ಈ ಆ್ಯಪ್ ಕಲಿಸುವಾಗ ಗುಂಪು ಚರ್ಚೆ ಮಾಡಿ ಎಂದರೆ ಹಿಂಸೆ. ಇಲ್ಲಿ ಬೇಕಾಗಿರುವುದು ಒಂದೊಂದೇ ಹೆಜ್ಜೆ, ಕಣ್ಣೆದುರು ಮಾಡಿ ತೋರಿಸುವುದು, ಅವರ ಫೋನಿನಲ್ಲಿ ಅವರ ಬೆರಳಿನಿಂದಲೇ ಮಾಡಿಸುವುದು. ಕಲಿಕೆಯ ಸಂಶೋಧಕರು ಇದನ್ನು ಪದೇ ಪದೇ ಕಂಡಿದ್ದಾರೆ. ಹೊಸಬರಿಗೆ ಪೂರ್ತಿ ಬಿಡಿಸಿ ತೋರಿಸಿದ ಮಾದರಿ ಒಳ್ಳೆಯದು. ಪಳಗಿದವರಿಗೆ ಅದೇ ಮಾದರಿ ಅಡ್ಡಿಯಾಗುತ್ತದೆ, ಅವರಿಗೆ ಸಮಸ್ಯೆ ಕೊಟ್ಟು ಬಿಡುವುದೇ ಒಳ್ಳೆಯದು. ವಯಸ್ಸು ಎಷ್ಟು ಅನ್ನುವುದಕ್ಕಿಂತ ಈ ವಿಷಯದಲ್ಲಿ ಎಷ್ಟು ಪಳಗಿದ್ದಾರೆ ಅನ್ನುವುದು ಮುಖ್ಯ.

ಹೆಜ್ಜೆ ಹೆಜ್ಜೆಯ ಪಾಠದ ನಡುವೆಯೂ ದೊಡ್ಡವರ ಪ್ರಶ್ನೆ ಬೇರೆ ಕಡೆಯಿಂದ ಬರುತ್ತದೆ. "ಪಹಣಿ ಇನ್ನೂ ಪಟ್ಟೇದಾರರ ಹೆಸರಲ್ಲೇ ಇದೆ, ನಾನು ಯಾರ ಹೆಸರಲ್ಲಿ ಮಾಡಿಸಲಿ?" ಜಮ್ಮಾ ಅಂದರೆ ಕೊಡಗಿನಲ್ಲಿ ಕುಟುಂಬ ಒಟ್ಟಾಗಿ ವಂಶಪಾರಂಪರ್ಯವಾಗಿ ಹೊಂದಿರುವ ಜಾಗ, ಪಟ್ಟೇದಾರ ಅಂದರೆ ಆ ಕುಟುಂಬದ ಹಿರಿಯ. ಅಂಥ ಕುಟುಂಬಗಳಲ್ಲಿ ಇದು ಸಹಜ ಪ್ರಶ್ನೆ. ಆ್ಯಪ್ ಕಲಿಸಲು ಬಂದವನು ಅದು ನನ್ನ ವಿಷಯ ಅಲ್ಲ ಅಂದರೆ ಕೇಳಿದವರ ಪಾಲಿಗೆ ಕ್ಲಾಸ್ ಅಲ್ಲಿಗೆ ಮುಗಿಯಿತು. ಅವರಿಗೆ ಅದೇ ಮೊದಲ ಹೆಜ್ಜೆ, ಬಟನ್ ಒತ್ತುವುದು ಎರಡನೆಯದು. ಉತ್ತರ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಯಾವ ಕಚೇರಿಯಲ್ಲಿ ಕೇಳಬೇಕು ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮುಂದೆ ಹೋದರೆ ಸಾಕು.

ಐದು ದಿನದ ಕೋರ್ಸಿನ ತೊಂದರೆ

1970ರ ದಶಕದಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಗೆ ಒಂದು ಸಮಸ್ಯೆ ಬಂತು. ಕಾಗದ ವಿಂಗಡಿಸುವ ಯಂತ್ರಗಳು ಬಂದಿದ್ದವು, ಸಾವಿರಾರು ಅಂಚೆಯವರಿಗೆ ಟೈಪಿಂಗ್ ಕಲಿಸಬೇಕಿತ್ತು. ಅಲನ್ ಬ್ಯಾಡ್ಲಿ, ಲಾಂಗ್‌ಮನ್ ಎಂಬ ಇಬ್ಬರು ಸಂಶೋಧಕರು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ. ಇನ್ನೊಂದು ತುದಿಯ ಗುಂಪಿಗೆ ಎರಡೆರಡು ಗಂಟೆಯಂತೆ ಎರಡು ಸಲ, ಒಟ್ಟು ನಾಲ್ಕು ಗಂಟೆ. 1978ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದಿನಕ್ಕೆ ಒಂದು ಗಂಟೆಯವರು 55 ಗಂಟೆಯಲ್ಲಿ ತಲುಪಿದ ಮಟ್ಟಕ್ಕೆ ನಾಲ್ಕು ಗಂಟೆಯವರು ತಲುಪಲು 80 ಗಂಟೆ ಬೇಕಾಯಿತು.

ಇದರಲ್ಲಿ ತಮಾಷೆಯ ಸಂಗತಿ ಇನ್ನೊಂದು. ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ ಇದ್ದದ್ದು ಆ ಒಂದು ಗಂಟೆಯ ಗುಂಪಿಗೇ. ದಿನದ ಲೆಕ್ಕದಲ್ಲಿ ಅವರು ಹಿಂದೆ ಬಿದ್ದ ಹಾಗೆ ಕಾಣುತ್ತಿತ್ತು. ಕೋರ್ಸ್ ಮುಗಿದ ದಿನ ಖುಷಿಯಾಯಿತಾ ಎಂದು ಫಾರ್ಮ್ ತುಂಬಿಸಿ ಗುಣಮಟ್ಟ ಅಳೆಯುವವರು ಇದನ್ನು ಗಮನಿಸಬೇಕು.

ಈಗ ನಮ್ಮ ಕೋರ್ಸುಗಳನ್ನು ನೋಡಿ. ವಿಶ್ವಕರ್ಮ ಯೋಜನೆಯ ಮೂಲ ತರಬೇತಿ 40 ಗಂಟೆ, ಐದರಿಂದ ಏಳು ದಿನದಲ್ಲಿ. ಅಂದರೆ ದಿನಕ್ಕೆ ಆರರಿಂದ ಎಂಟು ಗಂಟೆ. ಟೈಪಿಂಗಿನ ಫಲಿತಾಂಶವನ್ನು ಹಾಗೇ ಹೊಲಿಗೆಗೋ ಗಾರೆಗೋ ಹಚ್ಚಲು ಬರುವುದಿಲ್ಲ, ನಿಜ. ಆದರೆ ಬಿಡುವು ಕೊಟ್ಟು ಕಲಿತದ್ದು ಜಾಸ್ತಿ ನಿಲ್ಲುತ್ತದೆ ಎಂಬುದು ಕಲಿಕೆಯ ಸಂಶೋಧನೆಯಲ್ಲಿ ಬಹಳ ಗಟ್ಟಿಯಾಗಿ ನಿಂತ ಮಾತುಗಳಲ್ಲಿ ಒಂದು.

ಹಾಗಂತ ದಿನಕ್ಕೆ ಒಂದು ಗಂಟೆ ಕ್ಲಾಸ್ ಇಡಲು ಕೊಡಗಿನಲ್ಲಿ ಆಗುತ್ತದಾ? ಕರಿಕೆಯಿಂದಲೋ ಬಿರುನಾಣಿಯಿಂದಲೋ ಒಂದು ಗಂಟೆಯ ಪಾಠಕ್ಕೆ ಮಡಿಕೇರಿಗೆ ಬಸ್ಸು ಹಿಡಿದು ಬನ್ನಿ ಎನ್ನಲಾಗದು. ಉಳಿಸಿಕೊಂಡು ಕಲಿಸುವ ಶಿಬಿರಗಳು ಹುಟ್ಟಿದ್ದೇ ಈ ಕಾರಣಕ್ಕೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಈ ಮಾದರಿಯನ್ನು ಗಟ್ಟಿ ಮಾಡಿತು. ಅದನ್ನು ನೋಡಿ ದೇಶದಲ್ಲಿ ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ತೆರೆಯುವ ಯೋಜನೆ ಬಂತು. ಇವುಗಳ ವಿಶೇಷ ಶಿಬಿರಕ್ಕಿಂತ ಶಿಬಿರ ಮುಗಿದ ಮೇಲಿನದು. ಕಲಿತವರನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವ ಪದ್ಧತಿ ಇದೆ. ಬಿಡುವು ಕೊಟ್ಟು ಕಲಿಸಲಾಗದ ಕಡೆ, ಬಿಡುವು ಕೊಟ್ಟು ನೆನಪಿಸುವುದಾದರೂ ಇಲ್ಲಿ ನಡೆಯುತ್ತದೆ.

ನೆನಪಿಸುವುದು ಅಂದರೆ ನೋಟ್ಸ್ ಮತ್ತೆ ಓದಿಸುವುದಲ್ಲ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕ್ ಮಾಡಿದ ಪ್ರಯೋಗದಲ್ಲಿ ಕೆಲವರು ಒಂದು ಪಾಠವನ್ನು ಮತ್ತೆ ಓದಿದರು. ಉಳಿದವರು ಓದದೆ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ಬರೆದವರಿಗೆ ನೂರಕ್ಕೆ 56 ಭಾಗ ನೆನಪಿತ್ತು, ಓದಿದವರಿಗೆ 42. ಕೋರ್ಸಿನ ಕೊನೆಯ ದಿನವೇ ಪರೀಕ್ಷೆ ಇಟ್ಟು ಪಾಸು ಮಾಡಿಸುವ ವ್ಯವಸ್ಥೆ ಈ ಎರಡರಲ್ಲಿ ಯಾವುದಕ್ಕೆ ಬಹುಮಾನ ಕೊಡುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ರೆಸಾರ್ಟಿನವರು "ಸರ್ಟಿಫಿಕೇಟ್ ಇದೆ, ಕೆಲಸ ಬರಲ್ಲ" ಅನ್ನುವುದರ ಹಿಂದೆ ಇದೂ ಒಂದು ಕಾರಣ. ಪಾಸಾದ ದಿನ ಬರುತ್ತಿತ್ತು. ಒಂದು ತಿಂಗಳ ನಂತರ ಕೆಲಸಕ್ಕೆ ಸೇರುವಾಗ ಮರೆತಿದೆ.

ಖರ್ಚಿಲ್ಲದ ಉಪಾಯ ಒಂದಿದೆ. ಪ್ರತಿದಿನ ಬೆಳಿಗ್ಗೆ ಮೊದಲ ಹತ್ತು ನಿಮಿಷ, ನಿನ್ನೆಯದನ್ನು ಯಾರೂ ಪುಸ್ತಕ ನೋಡದೆ ಮಾಡಿ ತೋರಿಸಬೇಕು. ಅಂಕ ಇಲ್ಲ. ತಪ್ಪಾದರೆ ನಗು ಇಲ್ಲ. ಮೂರು ದಿನದ ಹಿಂದಿನದೂ ನಡುನಡುವೆ ಬರಬೇಕು.

ಸ್ಲೈಡಿನ ಮೇಲಿನ ಸುಳ್ಳು

ಟ್ರೈನರ್‌ಗಳಿಗೇ ತರಬೇತಿ ಕೊಡುವ ಕಡೆ ಎರಡು ಚಿತ್ರ ತಪ್ಪದೆ ಬರುತ್ತವೆ. ಓದಿದ್ದರಲ್ಲಿ ನೂರಕ್ಕೆ 10, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ನೆನಪಿರುತ್ತದೆ ಎಂಬ ತ್ರಿಕೋನ ಒಂದು. ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಚಿತ್ರದಲ್ಲಿ ಈ ಅಂಕಿಗಳೇ ಇರಲಿಲ್ಲ, ಯಾರೋ ಆಮೇಲೆ ಅಂಟಿಸಿದ್ದು. ಇನ್ನೊಂದು, ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂಬ ವಿಂಗಡಣೆ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಇದೆ ಎನ್ನಲು ಸಾಕಷ್ಟು ಸಾಕ್ಷ್ಯ ಇಲ್ಲ ಎಂದು 2008ರಲ್ಲೇ ಪ್ಯಾಶ್ಲರ್ ಮತ್ತು ಸಂಗಡಿಗರ ಪರಿಶೀಲನೆ ಹೇಳಿತು. ಚೆರಿಯ ಸದ್ದನ್ನು ಕೇಳಿಯೇ ಕಲಿಯಬೇಕು, ಬೂಷ್ಟನ್ನು ನೋಡಿಯೇ ಕಲಿಯಬೇಕು. ಅದನ್ನು ನಿರ್ಧರಿಸುವುದು ಕೆಲಸ, ಕಲಿಯುವವರ ಜಾತಕವಲ್ಲ.

ಹಾಸಿಗೆಯ ಮೂಲೆ

ಹಳೆಯದಾದರೂ ಇನ್ನೂ ಸವೆಯದ ವಿಧಾನ ಒಂದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಹೊಸ ಜನ ಲಕ್ಷಗಟ್ಟಲೆ ಬಂದರು. ಅವರಿಗೆ ಬೇಗ ಕೆಲಸ ಕಲಿಸಲು ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ಕಾರ್ಯಕ್ರಮ ಹುಟ್ಟಿತು. ಅದು ಕಲಿಸಿದ್ದು ಕೆಲಸಗಾರರಿಗಲ್ಲ, ಅವರಿಗೆ ಕಲಿಸುವ ಮೇಸ್ತ್ರಿಗಳಿಗೆ. ಹತ್ತೇ ಜನರ ಗುಂಪು, ಎರಡೆರಡು ಗಂಟೆಯ ಐದು ಬೈಠಕ್. ಹೆಜ್ಜೆ ನಾಲ್ಕು: ಕಲಿಯುವವರನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಬಂದು ವಿಚಾರಿಸು. ಕಲಿಯುವವನು ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಅವರ ಘೋಷಣೆ.

ರೆಸಾರ್ಟಿನಲ್ಲಿ ಹಾಸಿಗೆಗೆ ಬೆಡ್‌ಶೀಟ್ ಹಾಕುವ ಕೆಲಸ ತೆಗೆದುಕೊಳ್ಳಿ. ನೋಡಿದರೆ ಏನೂ ಇಲ್ಲ. ಮೂಲೆ ಮಡಿಚುವಲ್ಲಿ ಹೊಸಬರೆಲ್ಲ ತಪ್ಪುತ್ತಾರೆ, ಬೆಳಗಾಗುವಷ್ಟರಲ್ಲಿ ಶೀಟ್ ಸುಕ್ಕಾಗಿ ಕಿತ್ತು ಬಂದಿರುತ್ತದೆ. ಒಳ್ಳೆಯ ಟ್ರೈನರ್ ಮೊದಲ ಸಲ ಮಾತಿಲ್ಲದೆ ಮಾಡುತ್ತಾರೆ. ಎರಡನೇ ಸಲ ಹೆಜ್ಜೆ ಹೇಳುತ್ತಾ ಮಾಡುತ್ತಾರೆ. ಮೂರನೇ ಸಲ ಯಾಕೆ ಎಂದೂ ಸೇರಿಸುತ್ತಾರೆ. ಬದಿಯಲ್ಲಿ ಇಳಿಬಿದ್ದ ಶೀಟನ್ನು ಮೂಲೆಯಿಂದ ಒಂದು ಮೊಳ ದೂರದಲ್ಲಿ ಹಿಡಿದು ಮೇಲೆತ್ತಬೇಕು, ಇಲ್ಲದಿದ್ದರೆ ಮಡಿಕೆ ಓರೆ ಬರುವುದಿಲ್ಲ. ಓರೆ ಬರದಿದ್ದರೆ ಬಿಗಿ ನಿಲ್ಲುವುದಿಲ್ಲ. ಆಮೇಲೆ ಕಲಿಯುವವರು ಮಾಡುತ್ತಾರೆ, ಅವರೇ ಹೆಜ್ಜೆ ಹೇಳುತ್ತಾರೆ, ಯಾಕೆ ಎಂದೂ ಹೇಳುತ್ತಾರೆ. ಬಾಯಲ್ಲಿ ಕಾರಣ ಬಂದರೆ ಕೈಯಲ್ಲಿ ಕೆಲಸ ನಿಂತ ಹಾಗೆ. 30 ಜನರ ಬ್ಯಾಚಿಗೆ ಒಂದೇ ಮಂಚ ಇದ್ದರೆ ಇದು ಆಗದು. ಆಗ 29 ಜನ ನೋಡುತ್ತಾರೆ. ಸಲಕರಣೆಗೆ ಹಣ ಉಳಿಸಿ ಪ್ರೊಜೆಕ್ಟರ್‌ಗೆ ಖರ್ಚು ಮಾಡುವ ಕೇಂದ್ರಗಳಲ್ಲಿ ನಡೆಯುವುದು ಇದೇ.

ಒಳ್ಳೆಯ ಪಾಠದ ಕೈಗೆ ಎಟುಕದ್ದು

ಪಾಠ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಸುಳ್ಳೇ. ನೆರಳು ಮರದ ಕೊಂಬೆ ಕಡಿಯುವ ಮರಗಸಿ ಕೆಲಸಕ್ಕೆ ಜೀವದ ಅಪಾಯ ಇದೆ, ಕೌಶಲ ಬೇಕು. ಆದರೆ ತೋಟದ ಕೂಲಿ ಸರ್ಟಿಫಿಕೇಟ್ ನೋಡಿ ಏರುವುದಿಲ್ಲ. ಒಂದು ಕಡೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ, ಇನ್ನೊಂದು ಕಡೆ ಆ ವಾರ ಎಷ್ಟು ಜನ ಸಿಗುತ್ತಾರೆ ಎಂಬ ಒತ್ತಡ. ಈ ಎರಡರ ನಡುವೆ ಸರ್ಟಿಫಿಕೇಟಿಗೆ ಜಾಗ ಇಲ್ಲ. ಕಲಿತವರಿಗೂ ಕಲಿಯದವರಿಗೂ ಒಂದೇ ಕೂಲಿ ಆದರೆ ಕಲಿಯಲು ಯಾರು ಎರಡು ವಾರ ಬಿಡುತ್ತಾರೆ?

ಈಗಾಗಲೇ ಗೊತ್ತಿರುವ ಕೆಲಸಕ್ಕೆ ಪರೀಕ್ಷೆ ಮಾಡಿ ಮಾನ್ಯತೆ ಕೊಡುವ ಆರ್‌ಪಿಎಲ್ ಎಂಬ ದಾರಿ ಕೌಶಲ ಯೋಜನೆಯಲ್ಲೇ ಇದೆ. ಕೊಡಗಿನ ತೋಟಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಎರಡು ದಿನದ ಭಾಷಣ, ಒಂದು ಟೀಶರ್ಟ್, ಒಂದು ಕಾಗದ ಎಂದಾದರೆ ತೋಟದ ಲೆಕ್ಕ ನೋಡುವ ರೈಟರ್ ಕೂಡ ಅದನ್ನು ತಿರುಗಿ ನೋಡುವುದಿಲ್ಲ. ಪರೀಕ್ಷೆ ತೋಟದಲ್ಲೇ, ಮರದ ಮೇಲೆಯೇ, ಕೆಲಸ ಕೊಡುವವರ ಕಣ್ಣೆದುರೇ ನಡೆದರೆ ಮಾತ್ರ ಆ ಕಾಗದಕ್ಕೆ ಬೆಲೆ.

ಮುಂದೆ ಏನಾಗಬಹುದು

ಸಿಎಜಿ ವರದಿಯ ನಂತರ ಹಾಜರಿ ಇನ್ನೂ ಬಿಗಿಯಾಗುವುದು ಬಹುತೇಕ ಖಚಿತ. ಒಳ್ಳೆಯದೇ. ಸುಳ್ಳು ಹೆಸರುಗಳು ಕಡಿಮೆಯಾಗುತ್ತವೆ. ಆದರೆ ಮುಖ ಗುರುತಿಸುವ ಯಂತ್ರಕ್ಕೆ ಕೂತವರು ಕಲಿತರಾ ಎಂಬುದು ಕಾಣುವುದಿಲ್ಲ. ಕೆಲಸ ಕೊಡಿಸಿದರೆ ಮಾತ್ರ ಕೊನೆಯ ಕಂತಿನ ಹಣ ಎಂಬ ಹಳೆಯ ಷರತ್ತು ಬಿಗಿಯಾಗಿ ವಾಪಸ್ ಬಂದರೆ ಇನ್ನೊಂದು ಪರಿಣಾಮ ಆಗುತ್ತದೆ. ಕೇಂದ್ರಗಳು ಸುಲಭವಾಗಿ ಕೆಲಸ ಸಿಗುವ, ಬೆಂಗಳೂರಿಗೆ ಹೋಗಲು ತಯಾರಿರುವ 21ರ ಹುಡುಗರನ್ನೇ ಆರಿಸಿಕೊಳ್ಳುತ್ತವೆ. ಲೈನ್‌ಮನೆಯ 38ರ ಹೆಂಗಸು ಅರ್ಜಿಯ ಹಂತದಲ್ಲೇ ಹೊರಗುಳಿಯುತ್ತಾರೆ. ಮೂರು ತಿಂಗಳು, ಆರು ತಿಂಗಳ ನಂತರ ಕಲಿತದ್ದನ್ನು ಮಾಡಿ ತೋರಿಸಿದರೆ ಕೊನೆಯ ಕಂತು ಎಂದಾದರೆ ಕೇಂದ್ರಗಳ ಗಮನ ಪಾಠದ ಕಡೆ ತಿರುಗಬಹುದು. ಅದಕ್ಕೆ ಊರೂರು ತಿರುಗುವ ಜನ ಬೇಕು, ಖರ್ಚು ಇದೆ. 8,800 ಕೋಟಿಯಲ್ಲಿ ಅದಕ್ಕೆ ಜಾಗ ಇಲ್ಲ ಎನ್ನುವುದು ಕಷ್ಟ.

ಇನ್ನು ಕ್ಯಾಲೆಂಡರ್. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಗುರಿ ಮುಟ್ಟಿಸುವ ಅವಸರ ಜನವರಿಯಿಂದ ಮಾರ್ಚ್‌ವರೆಗೆ. ಕೊಡಗಿನಲ್ಲಿ ಅದು ರೊಬಸ್ಟಾ ಕುಯ್ಲು, ಅದರ ಹಿಂದೆಯೇ ಕಾಳುಮೆಣಸು, ಕಾಫಿ ಹೂವರಳಿಸುವ ಹೂಮಳೆಗೆ ಕಾಯುವ ಹೊತ್ತು. ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ, ವರ್ಷದಲ್ಲೇ ಕೈ ತುಂಬುವ ಕಾಲ. ಆಗ ಕ್ಲಾಸ್ ಇಟ್ಟರೆ ಹಾಜರಿ ಪುಸ್ತಕ ಮಾತ್ರ ತುಂಬುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೈ ಸ್ವಲ್ಪ ಖಾಲಿ. ಆದರೆ ಮಳೆ, ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ. ಆಗ ಜನರನ್ನು ಮಡಿಕೇರಿಗೆ ಕರೆಯುವ ಬದಲು ಟ್ರೈನರ್ ಊರಿಗೆ ಹೋಗಿ, ಹತ್ತು ಹನ್ನೆರಡು ಜನರಿಗೆ, ಪ್ರೊಜೆಕ್ಟರ್ ಇಲ್ಲದೆ ಕಲಿಸಬೇಕಾಗುತ್ತದೆ. ಮೇಲೆ ಹೇಳಿದ ವಿಧಾನಗಳಲ್ಲಿ ಒಂದಕ್ಕೂ ಕರೆಂಟ್ ಬೇಕಿಲ್ಲ.

ಯುರೋಪಿನ ನಿಯಮವನ್ನು ಎರಡು ಸಲ ಮುಂದೂಡಿದ ಮೇಲೆ ಈಗಿನ ಲೆಕ್ಕದಲ್ಲಿ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30, ಚಿಕ್ಕವಕ್ಕೆ 2027ರ ಜೂನ್ 30 ಗಡುವು. ಡಿಸೆಂಬರ್ 30 ಅಂದರೆ ಕೊಡಗಿನಲ್ಲಿ ಅರೇಬಿಕಾ ಕಣದಲ್ಲಿರುತ್ತದೆ, ರೊಬಸ್ಟಾ ಗಿಡದಲ್ಲಿ ಹಣ್ಣಾಗುತ್ತಿರುತ್ತದೆ. ಆ ವಾರ ಆ್ಯಪ್ ಕಲಿಸಲು ಯಾರಾದರೂ ಬಂದರೆ, ಕಣದಲ್ಲಿ ಚೆರಿ ಕೈಯಾಡಿಸುತ್ತಿರುವವರು ತಲೆ ಎತ್ತಿ, ಮಳೆಗಾಲದಲ್ಲಿ ಬರಬಾರದಿತ್ತಾ ಎಂದು ಕೇಳುತ್ತಾರೆ.